ಲೀವಾಕ್ಕೆ ಹೊರಟ ಮನೆಬಂಡಿ

ದುಬೈ ಹೊರವಲಯದ ಲಿಸೈಲಿಯ ಒಂಟೆ ಓಟದ ಬಯಲು ದಾಟಿ, ಹೆದ್ದಾರಿಯನ್ನು ಬಿಟ್ಟು, ಅಲ್ ಐನ್ ಕಡೆಗೆ ಒಳದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು. ಮೊದಲು ಮೊಸರಿನ ಡಬ್ಬ ಬಿತ್ತು. ಅದರ ಬೆನ್ನಿಗೇ ಬಂಗುಡೆ ಪುಳಿಮುಂಚಿಯ ಪಾತ್ರೆ ಉರುಳಿ, ಕೆಂಪು ಸಾರು ಮನೆಬಂಡಿಯ ನೆಲದ ಉದ್ದಕ್ಕೂ ಹರಿಯಿತು.

ಮನೆಬಂಡಿ ಎಂದು ಹೆಸರಿಟ್ಟವರು ಲೋಲಾಕ್ಷಮ್ಮ. ಮಗ ಕೀರ್ತನ್ ಅದನ್ನು ಕ್ಯಾರವಾನ್ ಎನ್ನುತ್ತಿದ್ದ. ಸ್ಟೇರಿಂಗಿನ ಹಿಂದೆಯೇ ಅಡುಗೆಕಟ್ಟೆ, ಮಡಚುವ ಮೇಜು, ಪರದೆ ಹಾಕಿದ ಎರಡು ಮಂಚ, ಅಂಗೈಯಗಲದ ಬಚ್ಚಲು. ಡಿಸೆಂಬರಿನ ರಾಷ್ಟ್ರೀಯ ದಿನದ ರಜೆಗೆ ಅವನು ಅದನ್ನು ಬಾಡಿಗೆಗೆ ತಂದು, ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದ ತಾಯಿಗೆ, "ನೋಡಿ ಅಮ್ಮ, ಈ ಊರೆಂದರೆ ಬರೇ ಮಾಲ್ ಅಲ್ಲ. ನಿಮಗೆ ಮರುಭೂಮಿ ತೋರಿಸ್ತೇನೆ," ಎಂದಿದ್ದ. ಮೊದಲ ರಾತ್ರಿ ಅಲ್ ಖುದ್ರಾ ಕೆರೆಯ ದಡದಲ್ಲಿ ಕಳೆಯಿತು. ಈ ದಿನ ಅಲ್ ಐನಿನ ಮುಬಝ್ಝರ. ಅದಾದ ಮೇಲೆ ಲೀವಾದ ಮರಳುಗಾಡು.

ಗಾಡಿ ನಿಂತಿತು. ಕೀರ್ತನ್ ಸೀಟಿನಿಂದೆದ್ದು ಹಿಂದಕ್ಕೆ ಬಂದ.

ಹೊರಡುವ ಮುಂಚೆ ಪ್ರತಿಯೊಂದು ಬಾಗಿಲ ಕೊಂಡಿಯನ್ನೂ ಒತ್ತಿ ನೋಡಬೇಕು ಎಂದು ಅವನು ಮೊದಲೇ ಹೇಳಿದ್ದ. ಬೆಳಿಗ್ಗೆ ಮಜ್ಜಿಗೆಗಾಗಿ ಫ್ರಿಜ್ಜು ತೆರೆದು ಕೊಂಡಿ ಒತ್ತಲು ಮರೆತವರು ಲೋಲಾಕ್ಷಮ್ಮ. "ಮಗಾ, ಅದು ನಾನು..." ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಸುಜಯಾ ಅವರ ಮಣಿಕಟ್ಟನ್ನು ಮೆಲ್ಲನೆ ಅದುಮಿದಳು.

"ನಾನು ಮರ್ತದ್ದು," ಎಂದಳು ಅವಳು. "ಒರೆಸ್ತೇನೆ ಈಗ."

ಅವಳು ಬಟ್ಟೆ ತೆಗೆದುಕೊಂಡು ಬಗ್ಗಿದಳು. ಅವನು ಬೈಯಲಿಲ್ಲ, ಕಣ್ಣು ಕೆಂಪಗೆ ಮಾಡಲಿಲ್ಲ. ಅವಳ ತಲೆಯ ಹಿಂಬದಿಗೆ ಅಂಗೈ ಹಾಕಿ, ಒಂದು ಡ್ರಾಯರ್ ಮುಚ್ಚುವವನ ಹಾಗೆ ಮುಂದಕ್ಕೆ ತಳ್ಳಿದ. ಹಣೆ ಅಡುಗೆಕಟ್ಟೆಯ ಅಂಚಿಗೆ ಬಡಿದು, ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಹುಬ್ಬಿನ ಮೇಲಿಂದ ರಕ್ತ ಇಳಿದು ಪುಳಿಮುಂಚಿಯೊಳಗೆ ಹನಿಯಿತು. ಕೆಂಪಿನಲ್ಲಿ ಕೆಂಪು ಬೆರೆತು, ಯಾವುದು ಯಾವುದೆಂದು ತಿಳಿಯದಾಯಿತು.

"ಅಮ್ಮ, ಕಾಲು ಎತ್ತಿ. ಸೀರೆಗೆ ಸಾರು ತಾಗ್ತದೆ," ಎಂದ ಕೀರ್ತನ್. ಎಷ್ಟು ಮರ್ಯಾದೆ! ಹಾಗೆಂದು ಮತ್ತೆ ಸ್ಟೇರಿಂಗಿಗೆ ಹೋಗಿ ಕುಳಿತ.

ಲೋಲಾಕ್ಷಮ್ಮ ಹೇಳಿದಂತೆ ಕಾಲು ಎತ್ತಿದರು. ಅದನ್ನು ನೆನೆದರೆ ಅವರಿಗೆ ಎಲ್ಲಕ್ಕಿಂತ ನಾಚಿಕೆ. ಹೊಡೆತ ಬಿದ್ದ ಮರುಕ್ಷಣ ತಾನು ಕಾಲು ಎತ್ತಿದೆನಲ್ಲ! ದುಬೈಯಲ್ಲಿ ಊದ್ ಮೇಥಾದ ಫ್ಲ್ಯಾಟಿನಲ್ಲಿ ಮಗನ ಕೋಣೆಯ ಬಾಗಿಲು ಗಟ್ಟಿ, ಏಸಿಯ ಸದ್ದು ಇನ್ನೂ ಗಟ್ಟಿ. ಸೊಸೆಯ ತೋಳಿನ ಕಲೆಗೆ ಬಚ್ಚಲಿನ ನೆಲ, ತುಟಿಯ ಗಾಯಕ್ಕೆ ಕಪಾಟಿನ ಬಾಗಿಲು ಕಾರಣವಾಗುತ್ತಿದ್ದವು. ಈ ಬಂಡಿಯಲ್ಲಿ ಅಡಗಿಸಲು ಜಾಗವಿರಲಿಲ್ಲ. ಅವರ ಗಂಡ ಸೇಸಪ್ಪ ಮೇಷ್ಟ್ರು ಬದುಕಿದ್ದಷ್ಟು ಕಾಲ ಹಟ್ಟಿಯ ದನಕ್ಕೂ ಬೆತ್ತ ಎತ್ತಿದವರಲ್ಲ. ಹಾಗಾದರೆ ಈ ಕೈ ಎಲ್ಲಿಂದ ಬಂತು? ಕಿಟಕಿಯ ಹೊರಗೆ ಮರಳು ಓಡುತ್ತಲೇ ಇತ್ತು.

ಮುಂದಿನ ಸೀಟಿನಲ್ಲಿ ಒಂಬತ್ತರ ಮೊಮ್ಮಗಳು ತೃಷಾ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತಿದ್ದಳು. ಅವಳು ಹಿಂದಿರುಗಿ ನೋಡಲೇ ಇಲ್ಲ.

ಜಬಲ್ ಹಫೀತ್ ಬೆಟ್ಟದ ಬುಡದಲ್ಲಿದೆ ಮುಬಝ್ಝರ. ಬೋಳು ಬಂಡೆಯ ಕೆಳಗೆ ಹಸಿರು ಹುಲ್ಲು ಹಾಸಿದ ಉದ್ಯಾನ, ನಡುವೆ ಹೊಗೆಯಾಡುತ್ತ ಹರಿಯುವ ಬಿಸಿನೀರಿನ ಕಾಲುವೆ. ರಜೆಯಾದ್ದರಿಂದ ಜಾತ್ರೆಯಷ್ಟು ಜನ. ಬಾವುಟ ಸುತ್ತಿದ ಕಾರುಗಳು ಹಾರ್ನ್ ಹೊಡೆಯುತ್ತ ಸುತ್ತು ಹಾಕುತ್ತಿದ್ದವು. ಹುಡುಗರು ಒಬ್ಬರ ಮೇಲೊಬ್ಬರು ನೊರೆ ಎರಚುತ್ತಿದ್ದರು. ಕೀರ್ತನ್ ಬಂಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ ತಿಣುಕುವಾಗ ಬಿಳಿ ಗಡ್ಡದವರೊಬ್ಬರು ತಮ್ಮ ಚಾಪೆಯಿಂದ ಎದ್ದು ಬಂದು ಕೈ ಬೀಸಿದರು.

"ಯಲ್ಲಾ, ಬನ್ನಿ, ಬನ್ನಿ, ಬಲಕ್ಕೆ ತಿರುಗ್ಸಿ... ಖಲಾಸ್!"

"ಅರೆ, ಅತಾಭಾಯ್!" ಎಂದು ಕೀರ್ತನ್ ನಗುತ್ತ ಇಳಿದ. ಗುರುತಿನವರೇ. ಭಟ್ಕಳದ ಅತಾಉರ್ರಹ್ಮಾನರಿಗೆ ದುಬೈಯ ದೇರಾದಲ್ಲಿ ಮಸಾಲೆಯ ಸಗಟು ಅಂಗಡಿ. ಕೀರ್ತನ್‌ನ ಕಂಪನಿಯ ಪ್ಯಾಕಿಂಗ್ ಡಬ್ಬಗಳನ್ನು ಅವರು ಕೊಳ್ಳುವಂತೆ ಮಾಡಲು ಅವನು ವರ್ಷದಿಂದ ಅವರ ಅಂಗಡಿಗೆ ಎಡತಾಕುತ್ತಿದ್ದ. ಅವರೆದುರು ಅವನ ಬೆನ್ನು ತಾನಾಗಿ ಬಾಗುತ್ತಿತ್ತು.

"ಉಡುಪಿಯವರಾ ಅಮ್ಮ? ಹಾಗಾದ್ರೆ ನಮ್ಮವರೇ," ಎಂದು ಅತಾಉರ್ರಹ್ಮಾನ್ ಲೋಲಾಕ್ಷಮ್ಮನಿಗೆ ಕುರ್ಚಿ ತಂದು ಹಾಕಿದರು. ಅವರ ಹೆಂಡತಿ ಹಾಜರ ದೂರದಿಂದಲೇ ತಲೆಯಾಡಿಸಿದರು. ಮಗಳು ಹಾನಿಯಾ ತೃಷಾಳ ಓರಗೆಯವಳು. ಹುಲ್ಲಿನಲ್ಲಿ ಬರಿಗಾಲಲ್ಲಿ ನಿಂತ ತೃಷಾಳನ್ನು ಕಂಡು, ತನ್ನ ಎರಡನೇ ಜೊತೆ ಚಪ್ಪಲಿಯನ್ನು ಯಾರೂ ಹೇಳದೆ ತಂದು ಅವಳ ಕಾಲ ಬಳಿ ಇಟ್ಟಿತು ಆ ಮಗು.

ಸುಜಯಾ ಹೊರಗೆ ಬರಲಿಲ್ಲ. "ಅವಳಿಗೆ ತಲೆನೋವು," ಎಂದ ಕೀರ್ತನ್.

ಊಟವಾದ ಮೇಲೆ ಅವನು ಒಳಗೆ ಹೋಗಿ ಬಾಗಿಲೆಳೆದುಕೊಂಡ. ಲೋಲಾಕ್ಷಮ್ಮ ಮೊಮ್ಮಗಳೊಂದಿಗೆ ನೆರಳಲ್ಲಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಬಂಡಿ ಚಕ್ರಗಳ ಮೇಲೆ ಮೆಲ್ಲನೆ ತೂಗತೊಡಗಿತು. ಒಳಗಿನಿಂದ ಏನೋ ಬಿದ್ದ ಸದ್ದು, ಮತ್ತೊಂದು ಸದ್ದು, ಕೆಮ್ಮು. ಉಸಿರು ಕಟ್ಟಿದವರು ಉಸಿರಿಗಾಗಿ ಕೆಮ್ಮುವ ಕೆಮ್ಮು.

ತೃಷಾ ಟ್ಯಾಬಿನ ವಾಲ್ಯೂಮ್ ಏರಿಸಿದಳು. "ಅಜ್ಜಿ, ಡೋಂಟ್ ಲುಕ್," ಎಂದಳು ಪರದೆಯಿಂದ ಕಣ್ಣು ಎತ್ತದೆ. "ಇಟ್ ಸ್ಟಾಪ್ಸ್."

ಆ ಮಾತು ಲೋಲಾಕ್ಷಮ್ಮನ ಕರುಳಿಗೆ ಕತ್ತಿ ಹಾಕಿದಂತಾಯಿತು. ಅವರು ಎದ್ದು ಹೋಗಿ ಬಾಗಿಲು ಬಡಿದರು. ಒಳಗಿನ ಮಾತು ಬಾಗಿಲ ಸಂದಿಯಿಂದ ಕೇಳುತ್ತಿತ್ತು. ಕೀರ್ತನ್‌ನ ದನಿ ಪೇಪರು ಓದುವಷ್ಟು ತಣ್ಣಗಿತ್ತು.

"ಅಣ್ಣನಿಗೆ ಮೆಸೇಜ್ ಮಾಡ್ತೀಯಾ? ಟಿಕೆಟ್ ಮಾಡ್ಸು ಅಂತೀಯಾ? ಇಲ್ಲಿ ಜನ ಉಂಟು ಅಂತ ಬಚಾವಾದೆ. ನಾಳೆ ಲೀವಾ. ಅಲ್ಲಿ ಮರಳು ಬಿಟ್ರೆ ಎಂತ ಇಲ್ಲ. ಅಲ್ಲಿ ಕೂಗು ನೀನು. ಎಷ್ಟು ಕೂಗ್ತಿ ಅಂತ ನೋಡುವ."

ಬಾಗಿಲು ತೆರೆಯಿತು. "ಎಂತ ಅಮ್ಮ, ಚಾ ಬೇಕಿತ್ತಾ?" ಅವನ ಹಣೆಯಲ್ಲಿ ಬೆವರು, ತುಟಿಯಲ್ಲಿ ನಗು. ಅವನ ಹಿಂದೆ ಸುಜಯಾ ನೆಲದಲ್ಲಿ ಕುಳಿತು ಶಾಲನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದಳು. ಸುತ್ತುವ ಮುಂಚೆ ಲೋಲಾಕ್ಷಮ್ಮನಿಗೆ ಬೆರಳಿನ ಗುರುತುಗಳು ಕಂಡವು. ಅವು ಅವರು ಹೆತ್ತು, ಎಣ್ಣೆ ತಿಕ್ಕಿ, ಉಗುರು ಕತ್ತರಿಸಿ ಬೆಳೆಸಿದ ಬೆರಳುಗಳು.

"ಕೈ ಕಡಿದು ಹಾಕ್ಲಿಕ್ಕೆ ಮನಸ್ಸಾಗ್ತದೆ ನಿನ್ನದು," ಎಂದರು ಅವರು. ಅಂಥ ಮಾತು ಅವರ ಬಾಯಿಂದ ಹಿಂದೆಂದೂ ಹೊರಟಿರಲಿಲ್ಲ.

ಕೀರ್ತನ್ ನಕ್ಕ. "ನಿಮಗೆ ಬಿಸಿಲು ತಾಗಿದೆ ಅಮ್ಮ. ಮಲಗಿ ಸ್ವಲ್ಪ."

ಸಂಜೆ ಅವನು ಹೊರಗೆ ಇದ್ದಿಲಿಗೆ ಬೆಂಕಿ ಹಾಕುವಾಗ ಅತ್ತೆ ಸೊಸೆ ಇಬ್ಬರೇ ಒಳಗಿದ್ದರು. ಸುಜಯಾಳ ದನಿ ಗಂಟಲಿನಲ್ಲೇ ಒಡೆದು ಬರುತ್ತಿತ್ತು.

"ಅತ್ತೆ, ಲೀವಾಕ್ಕೆ ಹೋದ್ರೆ ನಾನು ವಾಪಸ್ ಬರುದಿಲ್ಲ. ಈ ಸಲ ಅವರು ಕೈ ಬಿಡ್ಲಿಲ್ಲ, ಗೊತ್ತುಂಟಾ? ನೀವು ಬಾಗಿಲು ಬಡಿದದ್ದಕ್ಕೆ ಬಿಟ್ಟದ್ದು."

"ಓಡು ಮಗಾ. ಈಗಲೇ ಓಡು."

"ಎಲ್ಲಿಗೆ? ಫೋನ್ ತೆಗ್ದಿದ್ದಾರೆ. ನನ್ನದು, ತೃಷಾಳದ್ದು ಪಾಸ್‌ಪೋರ್ಟ್ ಆ ಕಪ್ಪು ಪೌಚಿನಲ್ಲಿ. ಅದಿಲ್ಲದೆ ಊರಿಗೆ ಹೇಗೆ ಹೋಗುದು? ಅವಳನ್ನು ಬಿಟ್ಟು ನಾನು ಹೋಗುದಿಲ್ಲ." ಅವಳು ಅಡುಗೆಕಟ್ಟೆಯ ಕಡೆಗೆ ಕೈ ತೋರಿಸಿದಳು. "ಬೆಳಿಗ್ಗೆ ನಿಮಗೆ ಬಿಪಿ ಮಾತ್ರೆ ಕೊಡ್ಲಿಕ್ಕೆ ಮರ್ತೆ. ಆ ಕಪ್ಪಿನ ಕೆಳಗೆ ಇಟ್ಟಿದ್ದೇನೆ. ತಗೊಳ್ಳಿ."

ಲೋಲಾಕ್ಷಮ್ಮ ಮಾತ್ರೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡರು.

ಅಷ್ಟರಲ್ಲಿ ಹಾನಿಯಾ ದೊಡ್ಡದೊಂದು ಹಾಟ್‌ಕೇಸನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಭಟ್ಕಳದ ಶಾವಿಗೆ ಬಿರಿಯಾನಿ. "ಉಮ್ಮಾ ಕೊಟ್ಟಳು. ಪಾತ್ರೆಗೆ ಅರ್ಜೆಂಟ್ ಇಲ್ಲ ಅಂತೆ. ಅಜ್ಜಿಯೇ ತರ್ಲಿ ಅಂತೆ," ಎಂದು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು.

ಖಾಲಿ ಪಾತ್ರೆ ತಿರುಗಿ ಕೊಡುವುದು ನಮ್ಮ ಕರಾವಳಿಯಲ್ಲಿ ಎಲ್ಲಾದರೂ ಉಂಟೇ? ಜಾತಿ ಯಾವುದಿರಲಿ, ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಹಾಗಾಗಿ ಮರುದಿನ ಬೆಳಿಗ್ಗೆ ಲೋಲಾಕ್ಷಮ್ಮ ಬಂಡಿಯ ಒಲೆಯ ಮೇಲೆ ಕಬ್ಬಿಣದ ಕಾವಲಿ ಇಟ್ಟು ನೀರ್ದೋಸೆ ಹುಯ್ದರು. ಮನೆಯಿಂದ ಅರೆದು ತಂದ ಹಿಟ್ಟು ಫ್ರಿಜ್ಜಿನಲ್ಲಿ ಉಳಿದಿತ್ತು.

ಕೀರ್ತನ್ ಬಂಡಿಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕುಳಿತಿದ್ದ. ನಿನ್ನೆಯಿಂದ ಅವನ ಜಾಗ ಅದೇ. ಯಾರು ಒಳಗೆ, ಯಾರು ಹೊರಗೆ, ಎಲ್ಲ ಅವನ ಮೊಣಕಾಲು ದಾಟಿಯೇ ಆಗಬೇಕು. ತೃಷಾ ಹಾನಿಯಾಳೊಂದಿಗೆ ಆಡಲು ಹೊರಡುವಾಗ ಅವಳ ಚೀಲ ತೆರೆದು ನೋಡಿದ. ತಾಯಿಯ ಕೈಯಲ್ಲಿದ್ದ ಪಾತ್ರೆಯನ್ನು ನೋಡಲಿಲ್ಲ. ಮೊಣಕಾಲು ಸರಿಸಿ ದಾರಿ ಬಿಟ್ಟ.

"ಅತಾಭಾಯ್‌ಗೆ ನನ್ನ ಸಲಾಂ ಹೇಳಿ," ಎಂದ. "ದೋಸೆ ಚೆನ್ನಾಗಿದ್ರೆ ಆರ್ಡರ್ ಸಿಕ್ಕೀತು."

ಹಾಜರ ಚಾಪೆಯ ಮೇಲೆ ಲೋಲಾಕ್ಷಮ್ಮನನ್ನು ಬಂಡಿಗೆ ಬೆನ್ನಾಗುವಂತೆ ಕೂರಿಸಿಕೊಂಡರು. ಮುಚ್ಚಳ ತೆಗೆದು ದೋಸೆಯನ್ನು ನೋಡಿದಂತೆ ಮಾಡಿ, ತುಟಿ ಅಲುಗಿಸದೆ ಮಾತಾಡಿದರು.

"ನಿನ್ನೆ ಕೇಳ್ತು ಅಮ್ಮಾ. ನಮ್ಮ ಇವರಿಗೂ ಕೇಳ್ತು. ಸೀದಾ ಹೋಗಿ ಕಾಲರ್ ಹಿಡೀತೇನೆ ಅಂದ್ರು. ನಾನೇ ಬೇಡ ಅಂದೆ. ಇವರು ಕಾಲರ್ ಹಿಡಿದು ಬಂದ ಮೇಲೆ ಆ ಹುಡುಗಿ ಗತಿ ಎಂತದು? ಅದಕ್ಕೇ ಪಾತ್ರೆ ಕಳ್ಸಿದ್ದು. ನೀವು ವಾಪಸ್ ತರ್ದೇ ಇರೂದಿಲ್ಲ ಅಂತ ಗೊತ್ತಿತ್ತು."

ಲೋಲಾಕ್ಷಮ್ಮನ ಕಣ್ಣು ತುಂಬಿ ಬಂತು. "ಇವತ್ತು ಮಧ್ಯಾಹ್ನದ ಒಳಗೆ ಲೀವಾಕ್ಕೆ ಹೊರಡ್ತಾನೆ. ಹೊರಟ್ರೆ ಅವಳನ್ನು ಕೊಲ್ತಾನೆ ಹಾಜರಾ. ನನ್ನ ಮಗನ ವಿಷಯ ನಾನೇ ಹೇಳ್ತಾ ಇದ್ದೇನೆ."

"ಅಳ್ಬೇಡಿ, ಅವನು ನೋಡ್ತಿದ್ದಾನೆ. ಪಾಸ್‌ಪೋರ್ಟ್ ಎಲ್ಲುಂಟು?"

"ನನ್ನ ಮಂಚದ ಮೇಲಿನ ಕಪಾಟಿನಲ್ಲಿ."

"ತನ್ನಿ. ಮತ್ತೆ ನಾನು ಬಂದು, ಹೆಂಗಸರೆಲ್ಲ ಬಿಸಿನೀರ ಸ್ನಾನಕ್ಕೆ ಹೋಗುವ ಅಂತ ಕರೀತೇನೆ. ಇವರ ಎದುರು ಅವನು ಇಲ್ಲ ಅನ್ನೂದಿಲ್ಲ. ಅಲ್ಲಿಂದ ಸೀದಾ ಏರ್‌ಪೋರ್ಟು. ಅಣ್ಣನ ನಂಬರ್ ಇದ್ರೆ ಹೇಳಿ, ನಿಮ್ಮದೂ ಕೊಡಿ, ಟಿಕೆಟ್ ಇವರು ನೋಡ್ತಾರೆ. ನೀವು ಇಲ್ಲೇ ಉಳೀಬೇಕಾದ್ರೆ ಮತ್ತೆ ಕಾರು ಕಳಿಸ್ತೇನೆ." ಹಾಗೆಂದು ಹಾಜರ ಹಾಟ್‌ಕೇಸನ್ನು ಬರಿದು ಮಾಡಿ, ಅದರಲ್ಲಿ ಕಲ್ಲಂಗಡಿ ಹೋಳು ತುಂಬಿ ಮತ್ತೆ ಅವರ ಕೈಗೇ ಕೊಟ್ಟರು. ಈಗ ಇನ್ನೊಮ್ಮೆ ತುಂಬಿ ಕೊಡುವ ಸರದಿ ಲೋಲಾಕ್ಷಮ್ಮನದಾಯಿತು.

"ಎಂತ ಅಮ್ಮ, ಇದು ಪಾತ್ರೆಯಾ, ಮಂಗ್ಳೂರು ಬಸ್ಸಾ?" ಎಂದ ಕೀರ್ತನ್ ಮೊಣಕಾಲು ಸರಿಸುತ್ತ. "ಹೋಗ್ತಾ ಉಂಟು, ಬರ್ತಾ ಉಂಟು!"

"ಕಂಡಕ್ಟರ್ ನಾನೇ ಮಾರಾಯ. ನೀನು ಕೂತಲ್ಲೇ ಕೂತ್ಕೋ," ಎಂದರು ಲೋಲಾಕ್ಷಮ್ಮ. ನಗಬೇಕಾಗಿತ್ತು, ನಕ್ಕರು.

ಒಳಗೆ ಸುಜಯಾ ಬಾಗಿಲ ಕಡೆ ಕಣ್ಣಿಟ್ಟಳು. ಲೋಲಾಕ್ಷಮ್ಮ ಪೌಚಿನಿಂದ ಎರಡು ನೀಲಿ ಪುಸ್ತಕ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಾಟ್‌ಕೇಸಿನ ತಳದಲ್ಲಿಟ್ಟು, ಮೇಲೆ ಬಾಳೆಲೆಯ ತುಂಡು ಹಾಸಿ, ಅದರ ಮೇಲೆ ಬಿಸಿ ದೋಸೆಗಳನ್ನು ಮಡಚಿ ಪೇರಿಸಿದರು. ತಮ್ಮ ಪಾಸ್‌ಪೋರ್ಟೂ ಫೋನೂ ಸೊಂಟದ ಚೀಲದಲ್ಲಿದ್ದವು. ಎರಡನೇ ಸಲವೂ ಕೀರ್ತನ್ ದಾರಿ ಬಿಟ್ಟ. ಒಂದು ದೋಸೆಯನ್ನು ಮೇಲಿನಿಂದ ಎಳೆದು ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ," ಎಂದ. ಲೋಲಾಕ್ಷಮ್ಮ ಮುಚ್ಚಳ ಒತ್ತಿ ಮುಂದೆ ನಡೆದರು.

ಹಾಜರ ಪಾತ್ರೆ ತೆಗೆದುಕೊಂಡರು. ತಳಕ್ಕೆ ಕೈಯಾಡಿಸಿದರು. "ಬಂತು," ಎಂದರು. ತೃಷಾಳೂ ಹಾನಿಯಾಳೂ ಲ್ಯಾಂಡ್ ಕ್ರೂಸರಿನ ಹಿಂದಿನ ಸೀಟಿನಲ್ಲಿ ಆಗಲೇ ಆಟಕ್ಕೆ ಕುಳಿತಿದ್ದರು. ಅತಾಉರ್ರಹ್ಮಾನ್ ಕಾರನ್ನು ಅದರ ಬಾಗಿಲು ಬಂಡಿಯ ಕಡೆಗೆ ಬರುವಂತೆ ತಿರುಗಿಸಿ ನಿಲ್ಲಿಸಿ, ಗಾಜು ಒರೆಸುವ ನೆಪ ಮಾಡುತ್ತಿದ್ದರು. ಇನ್ನು ಸುಜಯಾ ಹೊರಗೆ ಬಂದರೆ ಆಯಿತು.

ಲೋಲಾಕ್ಷಮ್ಮ ಬಂಡಿಗೆ ಮರಳಿ ಕಾವಲಿಗೆ ಕೊನೆಯ ಹಿಟ್ಟು ಹುಯ್ದರು. ಕೀರ್ತನ್ ಹೊರಡುವ ಯೋಚನೆಯಲ್ಲಿದ್ದ. ದಾರಿಯಲ್ಲಿ ತಪಾಸಣೆ ಇರಬಹುದೆಂದು ಗಾಡಿಯ ನೋಂದಣಿಯ ಮುಲ್ಕಿಯಾ ಕಾರ್ಡನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳೋಣವೆಂದು ಒಳಗೆ ಬಂದು, ಕಪಾಟು ತೆರೆದು, ಕಪ್ಪು ಪೌಚನ್ನು ಎತ್ತಿದ. ಮುಲ್ಕಿಯಾವೂ ಅದರಲ್ಲೇ ಇತ್ತೆಂಬುದನ್ನು ಅತ್ತೆ ಸೊಸೆ ಇಬ್ಬರೂ ಗಮನಿಸಿರಲಿಲ್ಲ.

ಎತ್ತಿದವನು ಹಾಗೇ ನಿಂತ. ಪೌಚು ಹಗುರವಾಗಿತ್ತು.

"ಎಲ್ಲಿ?"

ಅವನು ಸುಜಯಾಳ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳ ಮುಖವನ್ನು ಫ್ರಿಜ್ಜಿನ ಬಾಗಿಲಿಗೆ ಅಪ್ಪಳಿಸಿದ. "ಎಲ್ಲಿ?" ಮತ್ತೆ ಅಪ್ಪಳಿಸಿದ. ನಿನ್ನೆಯ ಗಾಯ ಬಾಯಿ ತೆರೆಯಿತು. ಅವಳು ಕೂಗಲಿಲ್ಲ. ಹತ್ತು ವರ್ಷದಿಂದ ಕೂಗದೆ ಅಭ್ಯಾಸವಾಗಿತ್ತು. ಅವನು ಅವಳನ್ನು ನೆಲಕ್ಕೆ ಕೆಡವಿ, ಮೊಣಕಾಲನ್ನು ಎದೆಯ ಮೇಲೆ ಊರಿ, ಎರಡೂ ಕೈಯನ್ನು ಶಾಲಿನ ಒಳಗೆ ತೂರಿಸಿದ. ಅವಳ ಹಿಮ್ಮಡಿ ನೆಲವನ್ನು ಬಡಿಯಿತು, ಬಡಿಯಿತು. ಬಡಿತ ಸಣ್ಣದಾಗುತ್ತ ಬಂತು.

"ಬಿಡು ಅವಳನ್ನು," ಎಂದರು ಲೋಲಾಕ್ಷಮ್ಮ.

ಅವನಿಗೆ ಕೇಳಲಿಲ್ಲ.

"ಕೀರ್ತಾ, ಬಿಡು!"

ಆಮೇಲೆ ಅವರು ಯೋಚಿಸಲಿಲ್ಲ. ಒಲೆಯ ಮೇಲಿದ್ದ ಕಾವಲಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾದ ಕಬ್ಬಿಣವನ್ನು ಮಗನ ಮುಂಗೈಯ ಮೇಲೆ ಒತ್ತಿದರು. ಚುರ್ರೆಂದಿತು. ಸುಟ್ಟ ಕೂದಲ ವಾಸನೆ, ಅದರ ಹಿಂದೆ ಚರ್ಮದ ವಾಸನೆ. ಅವನು ಪ್ರಾಣಿಯಂತೆ ಕಿರುಚಿ ಕೈ ತೆಗೆದ. ಅವರು ಕಾವಲಿಯನ್ನು ಮತ್ತೆ ಎತ್ತಿ ಅವನ ಭುಜಕ್ಕೆ ಹೊಡೆದರು. ಅವನು ಪಕ್ಕಕ್ಕೆ ಉರುಳಿದ.

"ಓಡು ಸುಜಯಾ!"

ಸುಜಯಾ ಮೊದಲು ತೆವಳಿದಳು, ಆಮೇಲೆ ಎದ್ದಳು, ಮೆಟ್ಟಿಲು ತಪ್ಪಿ ಹುಲ್ಲಿನ ಮೇಲೆ ಬಿದ್ದಳು, ಮತ್ತೆ ಎದ್ದಳು. ಹಾಜರ ಅರ್ಧ ದಾರಿಗೆ ಓಡಿ ಬಂದು ಅವಳನ್ನು ತಬ್ಬಿ ಕಾರಿನ ಕಡೆಗೆ ಎಳೆದುಕೊಂಡು ಹೋದರು.

ಕೀರ್ತನ್ ಎದ್ದ. ಬಾಗಿಲಿನ ಚೌಕಟ್ಟಿನ ಎರಡೂ ಬದಿಯನ್ನು ಹಿಡಿದು ಲೋಲಾಕ್ಷಮ್ಮ ಅಡ್ಡ ನಿಂತಿದ್ದರು. ಕಾವಲಿ ಕೈಯಿಂದ ಜಾರಿ ಹೋಗಿತ್ತು.

"ಸರೀರಿ ಅಮ್ಮ."

"ಇಲ್ಲ."

ಅವನು ಅವರ ಒಂದು ಕೈಯನ್ನು ಕಿತ್ತ. ಅವರು ಮತ್ತೆ ಹಿಡಿದರು. ಆಗ ಅವನು ಮುಷ್ಟಿ ಕಟ್ಟಿ, ತನ್ನನ್ನು ಹೆತ್ತವಳ ಬಾಯಿಗೆ ಹೊಡೆದ. ಹಲ್ಲು ಮುರಿದದ್ದು ಅವರ ತಲೆಯೊಳಗೇ ಕೇಳಿಸಿತು. ಬಾಯಿ ತುಂಬ ಉಪ್ಪುಪ್ಪಾಗಿ ರಕ್ತ. ಬೆರಳು ಮಾತ್ರ ಚೌಕಟ್ಟನ್ನು ಬಿಡಲಿಲ್ಲ.

"ಹೊಡಿ," ಎಂದರು ರಕ್ತ ಉಗುಳುತ್ತ. "ಇನ್ನೂ ಹೊಡಿ. ನೀನು ನನಗೆ ಹೊಡಿಯುವಷ್ಟು ಹೊತ್ತು ಅವಳು ದೂರ ಹೋಗ್ತಾಳೆ."

ಕಾರಿನ ಪಕ್ಕದಲ್ಲಿ ಅತಾಉರ್ರಹ್ಮಾನ್ ಅತ್ತ ಹೋಗುವುದೋ ಇತ್ತ ಬರುವುದೋ ತಿಳಿಯದೆ ನಿಂತಿದ್ದರು. ಲೋಲಾಕ್ಷಮ್ಮ ತಲೆ ತಿರುಗಿಸಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, "ನಿಲ್ಬೇಡಿ! ಹೋಗಿ!" ಎಂದು ಕೂಗಿದರು. ಅತಾಉರ್ರಹ್ಮಾನ್ ಕಾರು ಹತ್ತಿದರು. ಲ್ಯಾಂಡ್ ಕ್ರೂಸರ್ ಹುಲ್ಲಿನ ಅಂಚನ್ನು ಸೀಳಿಕೊಂಡು ರಸ್ತೆಗೆ ಬಿತ್ತು.

ಕೀರ್ತನ್‌ನ ಮುಷ್ಟಿ ಇನ್ನೊಮ್ಮೆ ಮೇಲೆದ್ದಿತ್ತು. ಅದು ಬೀಳಲಿಲ್ಲ. ಪಕ್ಕದ ಚಾಪೆಗಳ ಅರಬ್ಬಿ ಗಂಡಸರು ಎದ್ದು ನಿಂತಿದ್ದರು. ಅವರಲ್ಲಿ ಎಲ್ಲರಿಗಿಂತ ಮುದುಕರು, ಕಂದೂರವೆಂಬ ಬಿಳಿ ನಿಲುವಂಗಿ ತೊಟ್ಟವರು, ಊರುಗೋಲು ಊರುತ್ತ ಬಂದು ಮೆಟ್ಟಿಲ ಬುಡದಲ್ಲಿ ನಿಂತು, "ಖಲಾಸ್," ಎಂದರು. ಗದರಲಿಲ್ಲ. ಕೋಲನ್ನು ಮೆಟ್ಟಿಲ ಮೇಲೆ ಅಡ್ಡ ಇಟ್ಟು, ಇನ್ನೊಂದು ಕೈಯನ್ನು ಲೋಲಾಕ್ಷಮ್ಮನಿಗೆ ಚಾಚಿದರು. ಅವರನ್ನು ಇಳಿಸಿಕೊಂಡ ಮೇಲೆ ತಮ್ಮ ಫೋನ್ ತೋರಿಸಿ, ಪೊಲೀಸರನ್ನು ಕರೆಯಲೇ ಎಂದು ಕಣ್ಣಿನಲ್ಲೇ ಕೇಳಿದರು. ಲೋಲಾಕ್ಷಮ್ಮ ಅಂಗೈ ಎತ್ತಿ, ಸ್ವಲ್ಪ ತಾಳಿ ಎಂದರು.

ಮೆಟ್ಟಿಲ ಮೇಲೆ ನಿಂತ ಕೀರ್ತನ್ ಕೂಡ ತನ್ನ ಫೋನ್ ತೆಗೆದಿದ್ದ. "ನಾನು ಈಗಲೇ ಪೊಲೀಸಿಗೆ ಹೇಳ್ತೇನೆ. ಏರ್‌ಪೋರ್ಟಿನಲ್ಲೇ ಹಿಡೀತಾರೆ. ಮಗು ನನ್ನದು. ಹೇಗೆ ಹೋಗ್ತಾಳೆ ನೋಡುವ."

"ಮಾಡು," ಎಂದರು ಲೋಲಾಕ್ಷಮ್ಮ. ಸೆರಗಿನಿಂದ ಗಲ್ಲ ಒರೆಸಹೋದವರು ಒರೆಸದೆ ಬಿಟ್ಟರು. "ಅವರು ಬರ್ಲಿ. ನಾನು ಇಲ್ಲೇ ಕೂತಿರ್ತೇನೆ. ಈ ಬಾಯಿ ತೊಳೆಯುದಿಲ್ಲ. ಯಾರು ಹೊಡೆದದ್ದು ಅಂತ ಕೇಳಿದ್ರೆ ನನ್ನ ಮಗ ಅಂತೇನೆ. ಅವಳ ಕುತ್ತಿಗೆಯದ್ದೂ ಹೇಳ್ತೇನೆ, ಹಣೆಯದ್ದೂ ಹೇಳ್ತೇನೆ. ಇಷ್ಟು ಜನ ನೋಡಿದ್ದಾರೆ."

"ನನ್ನನ್ನು ಜೈಲಿಗೆ ಹಾಕ್ತೀರಾ ಅಮ್ಮ? ನನ್ನ ಕೆಲಸ ಹೋಗ್ತದೆ. ವೀಸಾ ಹೋಗ್ತದೆ."

"ನೀನು ಆ ಫೋನ್ ಒತ್ತಿದ್ರೆ ಹಾಕ್ತೇನೆ."

ಅವನು ತಾಯಿಯ ಮುಖವನ್ನು ನೋಡಿದ. ಅವರು ಹೆದರಿಸುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದಾರೆಂದು ಅವನಿಗೆ ತಿಳಿಯಿತು. ಫೋನಿನ ಮೇಲಿದ್ದ ಬೆರಳು ಬಹಳ ಹೊತ್ತು ಹಾಗೇ ಇತ್ತು. ಕೊನೆಗೆ ಫೋನನ್ನು ಕಿಸೆಗೆ ಹಾಕಿಕೊಂಡ.

"ಹತ್ತಿ. ಹೋಗುವ," ಎಂದ ನೆಲ ನೋಡುತ್ತ.

"ನಾನು ಬರುದಿಲ್ಲ. ಹಾಜರ ಕಾರು ಕಳಿಸ್ತಾಳೆ." ಅವರು ತಡೆದು ಹೇಳಿದರು, "ಕೈಯನ್ನು ತಣ್ಣೀರಲ್ಲಿ ಹಿಡಿ. ಬೊಕ್ಕೆ ಒಡೀಬೇಡ."

ಮನೆಬಂಡಿ ಹೊರಟಿತು. ಒಳಗೆ ಏನೇನೋ ಬಿದ್ದು ಉರುಳುವ ಸದ್ದು ತಿರುವಿನವರೆಗೂ ಕೇಳುತ್ತಿತ್ತು. ದುಬೈಗೆ ಹೋಯಿತೋ ಲೀವಾಕ್ಕೆ ಹೋಯಿತೋ ಲೋಲಾಕ್ಷಮ್ಮ ನೋಡಲಿಲ್ಲ.

ಮುದುಕರ ಹೆಂಡತಿ, ಹೊಳೆಯುವ ಮುಖಪಟ್ಟಿ ಕಟ್ಟಿದ ವೃದ್ಧೆ, ಅವರನ್ನು ತಮ್ಮ ಚಾಪೆಗೆ ಕರೆದೊಯ್ದು ದಿಂಬು ಕೊಟ್ಟು ಕೂರಿಸಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಕೆ ಒದ್ದೆ ಬಟ್ಟೆಯಿಂದ ಗಲ್ಲ ಒರೆಸಲು ಬಂದಾಗ ಲೋಲಾಕ್ಷಮ್ಮ ತುಳುವಿನಲ್ಲಿ ಬೇಡವೆಂದರು. ಆಕೆ ಅರಬ್ಬಿಯಲ್ಲಿ ಏನೋ ಹೇಳಿ, ಬಟ್ಟೆಯನ್ನು ಮಡಚಿ ಪಕ್ಕದಲ್ಲಿಟ್ಟು, ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟರು. ವಿಮಾನ ಹಾರುವವರೆಗೆ ರಕ್ತ ಒರೆಸಬಾರದೆಂಬ ಹಟವೊಂದು ಲೋಲಾಕ್ಷಮ್ಮನಿಗಿತ್ತು. ಆಕೆಗೆ ಅದು ಹೇಗೋ ಅರ್ಥವಾದಂತಿತ್ತು.

ಬಿಸಿಲು ಬೆಟ್ಟದ ಆಚೆಗೆ ವಾಲುವ ಹೊತ್ತಿಗೆ ವೃದ್ಧೆ ಒಂದು ಖರ್ಜೂರದ ಬೀಜ ತೆಗೆದು, ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿ, ಮಗುವಿಗೆ ಕೊಡುವಂತೆ ಅವರ ಬಾಯಿಗಿಟ್ಟರು. ಅಗಿಯಲಾಗಲಿಲ್ಲ. ಲೋಲಾಕ್ಷಮ್ಮ ಅದನ್ನು ನೋಯದ ಕೆನ್ನೆಗೆ ಸರಿಸಿಕೊಂಡರು. ಆಗ ಸೊಂಟದ ಚೀಲದಲ್ಲಿ ಫೋನ್ ಬಡಿದುಕೊಂಡಿತು.

"ಅಜ್ಜಿ!" ತೃಷಾಳ ದನಿ. ಹಿಂದೆ ಜನರ ಗದ್ದಲ. "ಪಾಸ್‌ಪೋರ್ಟಿಗೆ ಸ್ಟ್ಯಾಂಪ್ ಹಾಕಿದ್ರು. ವೀ ಆರ್ ಇನ್‌ಸೈಡ್. ಇದು ಯಾರೋ ಆಂಟಿಯ ಫೋನ್. ಮಮ್ಮಿ ಹೇಳಿದ್ಲು ಅಜ್ಜಿಗೆ ಮಾತ್ರೆ ತಗೊಳ್ಳಿಕ್ಕೆ ಹೇಳು ಅಂತ."

"ತಗೊಳ್ತೇನೆ ಮಗಾ."

"ನೀವು ಬರುದಿಲ್ವಾ?"

"ಹಿಂದಿನಿಂದ ಬರ್ತೇನೆ. ನೀವು ಮುಂದೆ ಹೋಗಿ."

"ವೈ ಆರ್ ಯೂ ಟಾಕಿಂಗ್ ಫನ್ನಿ, ಅಜ್ಜಿ?"

ಲೋಲಾಕ್ಷಮ್ಮ ಪಕ್ಕದಲ್ಲಿದ್ದ ವೃದ್ಧೆಯ ಕೈಯನ್ನು ಹಿಡಿದುಕೊಂಡರು.

"ಬಾಯಲ್ಲಿ ಖರ್ಜೂರ ಉಂಟು ಮಗಾ," ಎಂದರು.